ಒಂದೂ ತಪ್ಪಿಲ್ಲವಂತೆ

ಮಾರ್ಚ್ ೧೪, ಗುರುವಾರ.

ವೆಬ್‌ಸೈಟ್ ಕಟ್ಟುವವರು ಯಾರು ಬೇಕಾದರೂ ಬಳಸಲೆಂದು ಪುಕ್ಕಟೆ ಬಿಟ್ಟಿರುವ ನನ್ನ ವೆಬ್ ಫ್ರೇಮ್‌ವರ್ಕನ್ನು ಸೊಸೆ ನಾಲ್ಕೇ ದಿನದಲ್ಲಿ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿಗೆ ಒಗ್ಗಿಸಿದ್ದಾಳೆ. ಕೋಡ್ ಪರೀಕ್ಷೆಗಳಲ್ಲಿ ಒಂದೂ ತಪ್ಪಿಲ್ಲವಂತೆ. ಎಲ್ಲವೂ ಪಾಸಾಗುವ ಪರೀಕ್ಷೆಯನ್ನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ನಂಬುವುದಿಲ್ಲ.

“ಮಾವ, ಅತ್ತೆ ಅಡುಗೇಲೂ ನೀವು ಹೀಗೇ ಹುಳುಕು ಹುಡುಕ್ತೀರ. ನಾಳೆ ಬಿಡುಗಡೆ ಮಾಡೋಣ, ಸುಮ್ನಿರಿ,” ಎಂದಳು.

ಸುಮ್ಮನಿರಲಿಲ್ಲ. ಪಾಸ್‌ವರ್ಡ್ ತಾಳೆ ನೋಡುವ ಸಾಲನ್ನೇ ಕೋಡಿನಿಂದ ಅಳಿಸಿ ಪರೀಕ್ಷೆಗಳನ್ನು ಮತ್ತೆ ಓಡಿಸಿದೆ. ಆಗಲೂ ಪಾಸು! ಆಸ್ಪತ್ರೆಗಳು ರೋಗಿಗಳ ವಿವರ ಇಟ್ಟಿರುವುದು ಇದರಿಂದ ಕಟ್ಟಿದ ಸೈಟುಗಳಲ್ಲಿ. ಪರೀಕ್ಷೆಗಳ ಫೋಲ್ಡರಿನ ಹೆಸರು ಬದಲಾಗಿದ್ದರಿಂದ ಕಂಪ್ಯೂಟರಿಗೆ ಅದು ಸಿಗದೆ ಒಂದು ಪರೀಕ್ಷೆಯೂ ಓಡಿಯೇ ಇರಲಿಲ್ಲ; ಓಡದಿದ್ದರೆ ತಪ್ಪು ಎಲ್ಲಿಂದ ಬರಬೇಕು?

ಬೈಯಲು ಬಾಯಿ ತೆರೆದೆ. ಹೆಸರು ಬದಲಿಸಿದ್ದು ಯಾರೆಂದು ಅವಳು ಪರದೆಯಲ್ಲಿ ಹಳೆಯ ಬದಲಾವಣೆಗಳ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಹೋದ ವರ್ಷ, ನಾನೇ. ಅಂದರೆ ಈಗ ಆಸ್ಪತ್ರೆಗಳಲ್ಲಿ ಓಡುತ್ತಿರುವ ನನ್ನ ಆವೃತ್ತಿಯೂ ಪರೀಕ್ಷೆಯೇ ಆಗದೆ...