ಲಂಡನ್ನಿನ ಗಡಿಯಾರ, ನಮ್ಮ ಮೊದಲ ದೀಪಾವಳಿ

ತ್ರಿಪ್ಲಿಕೇನ್, ಚೆನ್ನೈ
೫ ನವೆಂಬರ್ ೨೦೨೪

ಮುದ್ದು ಅವ್ವಾ,

ರಜೆ ಸಿಕ್ಕಿತು, ನಾನೂ ನಿನ್ನ ಅಳಿಯ ಸಮೀರೂ ಮಂಡ್ಯಕ್ಕೆ ಬರುತ್ತಿದ್ದೇವೆ! ನಮಸ್ಕಾರ, ಕ್ಷೇಮ ಎಲ್ಲ ಆಮೇಲೆ. ಇದನ್ನು ಮೊದಲು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ನನ್ನದು ಇಂಗ್ಲಿಷ್ ಮೀಡಿಯಂ ಕೈಬರಹ, ಅರ್ಥವಾಗದಿದ್ದರೆ ತಂಗಿ ಮೌನಳ ಕೈಲಿ ಓದಿಸಿಕೋ.

ಹಬ್ಬಕ್ಕೆ ಬರಲಿಲ್ಲ, ಇಷ್ಟು ದಿನ ಬರೆಯಲೂ ಇಲ್ಲ. ಎರಡಕ್ಕೂ ಕ್ಷಮಿಸು. ಹಬ್ಬದ ದಿನದಿಂದೀಚೆಗೆ ನೀನು ಫೋನ್ ಎತ್ತುತ್ತಿಲ್ಲ. "ಆ ಮದ್ರಾಸಿನೋರು ಹೆಣ್ಣ ಕಳಿಸ್ನಿಲ್ಲ ಬುಡು" ಎಂದು ಬೀದಿಗೆಲ್ಲ ಹೇಳುತ್ತಿದ್ದೀಯಂತೆ, ಮೌನ ಹೇಳಿದಳು. ಅವ್ವಾ, ನನ್ನನ್ನು ತಡೆದದ್ದು ಅತ್ತೆಯಲ್ಲ, ಲಂಡನ್ನಿನ ಗಡಿಯಾರ!

ನಗಬೇಡ, ಕೇಳು. ಪೋರೂರಿನ ನಮ್ಮ ಆಫೀಸಿನ ವೆಬ್‌ಸೈಟಿನಲ್ಲಿ ಇಲ್ಲಿಯ ಸಂಗೀತದ ಟೀಚರುಗಳು ಹೊರದೇಶದ ಮಕ್ಕಳಿಗೆ ಪಾಠ ಹೇಳುತ್ತಾರೆ. ಆ ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಚಳಿ ಬಂದಾಗ ಹಿಂದಕ್ಕೆ ತಿರುಗಿಸುತ್ತಾರೆ. ವರ್ಷವಿಡೀ ಒಂದೇ ಗಂಟೆಯಲ್ಲಿ ಬೆಳೆದ ನಮ್ಮ ತಂಡದಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಲಂಡನ್ನಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ ಎಂದು ಸರ್ವರಿನಲ್ಲಿ ಬರೆದು ಆರಾಮವಾಗಿದ್ದೆವು. ಹಬ್ಬಕ್ಕೆ ಮುಂಚಿನ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಯಿತು, ಅಂತರ ಐದೂವರೆಯಾಯಿತು. ಇಲ್ಲಿ ಟೀಚರುಗಳು ಶ್ರುತಿ ಹಾಕಿಕೊಂಡು ಖಾಲಿ ಪರದೆಯ ಮುಂದೆ ಕುಳಿತರು. ಅವರು ಬೇಸತ್ತು ಎದ್ದುಹೋದ ಮೇಲೆ ಅಲ್ಲಿ ಮಕ್ಕಳು ಬಂದು ಕಾದರು.

"ಒಂದು ಗಂಟೆ ಸೇರಿಸಿ ಮುಗಿಸಿ ಮಾ, ಹಬ್ಬಕ್ಕೆ ಹೊರಡಿ" ಎಂದರು ಮ್ಯಾನೇಜರ್ ಗಿರಿಧರ್. ನಾನೇ ಬಾಯಿ ಹಾಕಿದೆ. "ಸರ್, ಲಂಡನ್ ಈಗ ಬದಲಾಗಿದೆ, ಅಮೆರಿಕ ಮುಂದಿನ ಭಾನುವಾರ. ಮಾರ್ಚಿನಲ್ಲಿ ಎಲ್ಲ ಮತ್ತೆ ತಿರುಗುಮುರುಗು. ಪ್ರತಿ ಪಾಠದ ಜೊತೆ ಮಗುವಿನ ಊರನ್ನೇ ಬರೆದಿಡೋಣ. ಆ ದಿನ ಆ ಊರಿನ ಗಂಟೆ ಎಷ್ಟೆಂದು ಸರ್ವರ್ ತಾನೇ ಲೆಕ್ಕ ಹಾಕಲಿ."

"ಸರಿ, ನೀವೇ ಮಾಡಿಬಿಡಿ" ಎಂದರು. ಹಬ್ಬದ ರಜೆ ಅಲ್ಲಿಗೇ ಹೋಯಿತು.

ಆ ರಾತ್ರಿ ಮನೆಯಲ್ಲಿ ವಿಷಯ ಕೇಳಿ ಅತ್ತೆ ಜಯಲಕ್ಷ್ಮಿಯವರು ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು. "ಏನ್ ಮಾ, ತಲೈ ದೀಪಾವಳಿ! ಮೊದಲ್ನೇ ಹಬ್ಬಕ್ಕೆ ಅಮ್ಮನ ಮನೆಗೆ ಹೋಗ್ದೆ ಯಾರಾನಾ ಇರ್ತಾರಾ? ನಿಂಗೆ ತಾಳಿ ಕಟ್ಟಿದ್ದು ನನ್ನ ಮಗನಾ, ಆ ಕಂಪ್ಯೂಟರಾ?"

"ಕಂಪ್ಯೂಟರೇ ಅಮ್ಮಾ, ನಾನು ಬರೀ ಸಾಕ್ಷಿ" ಎಂದರು ನಿನ್ನ ಅಳಿಯ!

ಮೊನ್ನೆ ಭಾನುವಾರ ಅಮೆರಿಕದ ಗಡಿಯಾರವೂ ತಿರುಗಿತು. ಒಬ್ಬ ಟೀಚರನ್ನು ಕೇಳಿ ಅವರ ಪಾಠಕ್ಕೆ ನಾನೂ ಸೇರಿಕೊಂಡು, ಉಗುರು ಕಚ್ಚುತ್ತಾ ಕುಳಿತಿದ್ದೆ. ನ್ಯೂಜೆರ್ಸಿಯ ಪುಟ್ಟ ಹುಡುಗಿಯೊಬ್ಬಳು ಹೇಳಿದ ವೇಳೆಗೇ ಪರದೆಯಲ್ಲಿ ಮೂಡಿ, ದೊಡ್ಡದಾಗಿ ಆಕಳಿಸಿ, "ಸ ರಿ ಗ ಮ" ಶುರುಮಾಡಿದಳು. ನಾನು ಆಫೀಸಿನಲ್ಲೇ ಕುಣಿದೆ! ಗಿರಿಧರ್ ನಿಂತಲ್ಲೇ ರಜೆ ಕೊಟ್ಟರು.

ಮನೆಗೆ ಬಂದು ಹೇಳಿದರೆ ಅತ್ತೆ ಆಗಲೇ ಪಂಚಾಂಗ ನೋಡಿಯಾಗಿತ್ತು. "ತುಳಸಿ ಹಬ್ಬನೂ ಕಿರು ದೀಪಾವಳಿ ತಾನೇ? ನಿಮ್ಮಮ್ಮನ ಕೈಲಿ ಎಣ್ಣೆ ಹಚ್ಚಿಸ್ಕೊಂಡು, ಹಬ್ಬ ಮುಗಿಸ್ಕೊಂಡು ಬಾ. ಇಲ್ಲಿ ಪೂಜೆ ನಾ ನೋಡ್ಕೋತೀನಿ." ಈಗ ಹೇಳು, ಇವರೇನಾ ಕಳಿಸದವರು?

ಅಪ್ಪನಿಗೆ ನಮಸ್ಕಾರ, ಮೌನಳಿಗೆ ಮುತ್ತು. ಬಯ್ಗುಳವನ್ನೆಲ್ಲ ಎದುರಿಗೆ ಕೊಡು. ಆಶೀರ್ವಾದ ಮಾತ್ರ ಈಗಲೇ ಬೇಕು.

ನಿನ್ನ
ರಂಜು

ತಾ.ಕ.: ಮೌನ ಇನ್ನೊಂದು ಮಾತನ್ನೂ ಹೇಳಿಬಿಟ್ಟಳು, ಅವಳನ್ನು ಗದರಬೇಡ. ಹಬ್ಬದ ಬೆಳಿಗ್ಗೆ ನಿನ್ನೊಡನೆ ಫೋನಿನಲ್ಲಿರುವಾಗಲೇ ನಾನು ಅತ್ತೆಗೆ "ಅಮ್ಮಾ, ಎಣ್ಣೆ ಸಾಕು" ಎಂದೆನಲ್ಲ, ನೀನು ಫೋನ್ ಇಟ್ಟದ್ದು ಅದಕ್ಕಂತೆ. "ಅವ್ಳಿಗೆ ಅಲ್ಲೇ ಅಮ್ಮ ಸಿಕ್ಕವ್ಳೆ, ನಾನ್ಯಾಕೆ?" ಎಂದು ಕಣ್ಣೀರು ಹಾಕಿದೆಯಂತೆ. ಸಮೀರ್ ಕರೆಯುವ ಹಾಗೆ ನಾನೂ ಅವರನ್ನು ಅಮ್ಮ ಎನ್ನುತ್ತೇನೆ, ನಿಜ. ಆದರೆ ಆ ಬೆಳಿಗ್ಗೆ ಅವರು ಮೆಲ್ಲಗೆ ನೆತ್ತಿ ತಟ್ಟುವಾಗ, ನಿನ್ನ ಕೈಯ ಒರಟು ಇಲ್ಲವಲ್ಲ ಎಂದು ನನಗೂ ಅಳು ಬಂತು. ಕಣ್ಣಿಗೆ ಎಣ್ಣೆ ಬಿತ್ತೆಂದು ಸುಳ್ಳು ಹೇಳಿದೆ. ಅವ್ವ ಎಂದು ಕರೆಯಲು ನನಗೆ ಈ ಲೋಕದಲ್ಲಿ ನೀನೊಬ್ಬಳೇ. ಸ್ಟೇಷನ್ನಿಗೆ ಅಪ್ಪನನ್ನು ಕಳಿಸಬೇಡ, ನೀನೇ ಬಾ. ಒಂಬತ್ತನೇ ತಾರೀಖು, ಶನಿವಾರ ಬೆಳಿಗ್ಗೆ, ಕಾವೇರಿ ಎಕ್ಸ್‌ಪ್ರೆಸ್.