ಕಡವೆಗೆ ಯಾವ ಗುಂಡು

ಡಾರ್ಗೋ ಬೆಟ್ಟ
14 ಜೂನ್ 2025, ಮಧ್ಯಾಹ್ನ ಮೂರೂವರೆ

ಅಕ್ಕು ಅಕ್ಕನಿಗೆ ತಮ್ಮ ಮೋಹನನ ನಮಸ್ಕಾರ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಕಾರಿನಲ್ಲಿ ಒಬ್ಬನೇ ಕುಳಿತು ಬರೆಯುತ್ತಿದ್ದೇನೆ. ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಮಗ ತುಷಾರ್ ನಮ್ಮ ಕ್ಲೈಡ್ ನಾರ್ತ್ ಬಡಾವಣೆಯಲ್ಲಿ ಮನೆ ನೋಡಲು ಸಿಡ್ನಿಯಿಂದ ಬಂದಿದ್ದಾನೆ ಎಂದಿದ್ದೆನಲ್ಲ, ಅದು ಸುಳ್ಳು. ಅವನನ್ನು ಕಡವೆ ಬೇಟೆಗೆ ಕರೆತಂದಿದ್ದೇನೆ. ಲೈಸೆನ್ಸ್ ಇಬ್ಬರಿಗೂ ಇದೆ.

ನಿನ್ನೆಯಿಡೀ ಗುಂಡಿನದೇ ಜಗಳ. ಕೋವಿ ಒಂದೇ, ತೋಟೆಯ ಅಳತೆಯೂ ಒಂದೇ, ತುದಿಯ ಗುಂಡು ಮಾತ್ರ ಬೇರೆ. ನಾನು ಸಣ್ಣ ಜಿಂಕೆಗೆ ಬಳಸುವ ನೂರಮೂವತ್ತು ಗ್ರೇನ್ ತೂಕದ ಹಗುರ ಗುಂಡೇ ಸಾಕೆಂದೆ; ಮೆತ್ತಗಿನ ಸೀಸ, ಬಡಿದೊಡನೆ ಅರಳುತ್ತದೆ, ಕಾನೂನೂ ಒಪ್ಪುತ್ತದೆ. ಅವನು ನೂರೈವತ್ತರ ಗಟ್ಟಿ ಗುಂಡು ತಂದಿದ್ದ. "ಮಾಮ, ಕಡವೆ ಅಂದ್ರೆ ಇನ್ನೂರು ಕೆಜಿ. ನಿಮ್ಮದು ಬೋನ್ ಮೇಲೇ ಒಡೆದುಹೋಗುತ್ತೆ, ಲಂಗ್ಸ್‌ವರೆಗೆ ಹೋಗೋದೇ ಇಲ್ಲ," ಎಂದ. "ನೀನು ಹುಟ್ಟುವ ಮೊದಲೇ ಹಂದಿ ಹೊಡೆದವ ನಾನು ಮಾರಾಯ," ಎಂದೆ. "ಎಷ್ಟು ದೂರದಿಂದ ಮಾಮ? ಹಿತ್ತಲಿನಿಂದಾ?" ಎಂದು ನಕ್ಕ. ನಾನೂ ನಕ್ಕೆ. ಬೆಳಿಗ್ಗೆ ತನ್ನ ತೋಟೆಗಳನ್ನೇ ಕೋವಿಯ ಮ್ಯಾಗಜಿನ್‌ಗೆ ತುಂಬಿಟ್ಟ. ಆಮೇಲೆ ಕೋವಿ ಹಿಡಿದು ಒಬ್ಬನೇ ಕಣಿವೆಗೆ ಇಳಿದ.

ಒಂದು ಗಂಟೆಗೆ ಕೆಳಗಿನ ಕಣಿವೆಯಲ್ಲಿ ಈಡು ಕೇಳಿಸಿತು. ಅವನು ಏದುಸಿರು ಬಿಡುತ್ತ ಹತ್ತಿ ಬಂದ. ಗುಂಡು ಹೆಗಲಿಗೆ ಸರಿಯಾಗಿ ಬಿತ್ತು, ಕಡವೆ ಮುಗ್ಗರಿಸಿ, ಎದ್ದು ಓಡಿತು ಎಂದ. ಗಾಯವಾದ ಪ್ರಾಣಿಯನ್ನು ಬಿಟ್ಟು ಬರುವುದು ನಮ್ಮ ಮನೆಯಲ್ಲಿ ಯಾರೂ ಮಾಡಿದ್ದಲ್ಲ. ನಾನೂ ತಡೆಯಲಿಲ್ಲ. ನನ್ನ ಮಂಡಿಗೆ ಆ ಇಳಿಜಾರು ಆಗದು. ರಕ್ತದ ಜಾಡು ಹಿಡಿದು ಒಬ್ಬನೇ ಹೋದ. ಹೋಗಿ ಎರಡು ತಾಸಾಯಿತು. ಗಾಯಗೊಂಡ ಗಂಡು ಕಡವೆ ಪೊದೆಯೊಳಗೆ ತಿರುಗಿ ನಿಲ್ಲುವುದುಂಟು. ಇಲ್ಲಿ ಈಗ ಚಳಿಗಾಲ, ಐದಕ್ಕೆಲ್ಲ ಕತ್ತಲು. ನಾಲ್ಕರವರೆಗೆ ಕಾದು, ಸಿಗ್ನಲ್ ಸಿಗುವ ರಸ್ತೆಗೆ ಹೋಗಿ ಪೊಲೀಸರಿಗೆ ಹೇಳುತ್ತೇನೆ. ನಮ್ಮಲ್ಲಿ ಅಳಿಯನಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವನು ಸೋದರಮಾವನೇ ಅಲ್ಲವೇ ಅಕ್ಕ?

ನಿನ್ನೆದುರು ಮುಖ ಎತ್ತಲಾರದ ತಮ್ಮ,
ಮೋಹನದಾಸ

ತಾ.ಕ.: ತುಷಾರ್ ಬಂದ ಅಕ್ಕ, ಹತ್ತು ನಿಮಿಷವಾಯಿತು. ಮೊಣಕೈ ತರಚಿದೆ, ಅಷ್ಟೇ. ಕಡವೆ ತೊರೆಯಲ್ಲಿ ನಿಂತಿತ್ತಂತೆ. ಇನ್ನೆರಡು ಗುಂಡು ಬೇಕಾಯಿತಂತೆ. "ಗುಂಡಿನ ತಪ್ಪಲ್ಲ ಮಾಮ, ನನ್ನ ಏಮೇ ಸರಿಯಿಲ್ಲ. ಇನ್ನು ಕೋವಿ ಮುಟ್ಟಲ್ಲ," ಎಂದು ತಲೆ ತಗ್ಗಿಸಿ ಕುಳಿತಿದ್ದಾನೆ. ಅವನ ಗುರಿ ಸರಿಯಾಗಿಯೇ ಇತ್ತು. ಬೆಳಿಗ್ಗೆ ಅವನು ಮುಖ ತೊಳೆಯಲು ಹೋದಾಗ ನಾನೇ ಅವನ ಮೂರೂ ತೋಟೆ ತೆಗೆದು ನನ್ನವನ್ನು ತುಂಬಿದ್ದೆ. ಬೇಟೆಯಾದ ಮೇಲೆ ಹೇಳಿ ನಗಬೇಕೆಂದಿದ್ದೆ. ಈ ಕಾಗದವನ್ನು ಅವನ ಕೈಯಲ್ಲೇ ಕಳಿಸುತ್ತೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ನೀನೇ ಓದಿ ಹೇಳು.