ಕಳಸ ಹಿಡಿಯುವ ಕೈ

ಕಂಪ್ಲಿ
10-2-2025, ಸೋಮವಾರ

ನನ್ನ ಮುದ್ದಿನ ಚಿರಂಜೀವಿ ಗಂಗಾಂಬಿಕಾಳಿಗೆ ಅವ್ವನ ಮನಸಾರೆ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನಾನು ಕರಗಿಬಿಡುತ್ತೇನೆ. ಅದಕ್ಕೇ ಕಾಗದ ಬರೆಯಲು ಕುಳಿತೆ.

ನಿನ್ನ ಪತ್ರ ಓದಿ ಭಾಳ ಸಂತೋಷವಾಯಿತು. ಸುಟ್ಟ ಕೈಯ ಮೇಲೆ ಆಸ್ಪತ್ರೆಯಲ್ಲಿ ಲೇಸರ್ ಬೆಳಕು ಬಿಟ್ಟರಂತೆ, ಕಣ್ಣು ಮಿಟುಕಿಸುವಷ್ಟರಲ್ಲಿ ಚರ್ಮ ಚೂರು ಬಿಸಿಯಾಗಿ ಆರಿತಂತೆ, ಆ ಬಿಸಿ ಹೊರಬರುವ ರೀತಿಯನ್ನೇ ಹಿಡಿದು ಯಂತ್ರ ಒಳಗೆ ತೇವ ಎಷ್ಟಿದೆ ಎಂದು ಹೇಳಿತಂತೆ. ಮುಟ್ಟದೆಯೇ ಅಳೆಯುತ್ತಾರಲ್ಲ, ಅದು ಒಳ್ಳೆಯದೇ. ಎರಡೂ ಕೈಗಳ ತೇವದ ಅಳತೆ ಈಗ ಸರಿಸಮ ಬಂದಿದೆ, ತಮ್ಮ ರೇವಣನ ಮದುವೆಯಲ್ಲಿ ನಾನೇ ಕಳಸ ಹಿಡಿಯುತ್ತೇನೆ ಎಂದು ಬರೆದಿದ್ದೀ.

ಬರಬೇಡ, ಮಗಳೇ.

ನಿನ್ನ ಹಟ ನನಗೆ ಗೊತ್ತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಯಂತ್ರ ಒಳಗಿನ ತೇವ ನೋಡುತ್ತದೆ, ಬೀಗರು ಮೇಲಿನ ತೊಗಲು ನೋಡುತ್ತಾರೆ. ಅವತ್ತು ಅಕ್ಕಿ ಮಿಲ್ಲಿನ ಬಾಯ್ಲರಿನ ಬಳಿಯಿಂದ ರೇವಣನನ್ನು ನೀನು ಎಳೆದು ಹಾಕದಿದ್ದರೆ ಈ ಮದುವೆಯೇ ಇರುತ್ತಿರಲಿಲ್ಲ, ನಾನೇನು ಮರೆತಿದ್ದೇನೆಯೇ? ಅವನ ಮೈಮೇಲೆ ಒಂದು ಕಲೆಯಿಲ್ಲ, ಎಲ್ಲ ನಿನ್ನ ಪುಣ್ಯ. ಆ ಪುಣ್ಯವನ್ನು ಈಗ ನೀನೇ ಯಾಕೆ ಕೆಡಿಸಬೇಕು?

ಇನ್ನೊಂದು ವಿಷಯವಿದೆ. ನಿನ್ನ ಹುಟ್ಟುಹಬ್ಬದ ದಿನ ಮನಸ್ಸು ತಡೆಯಲಿಲ್ಲ. ಹಂಪಿಯ ಗುಡಿಯಲ್ಲಿ ಕೊಟ್ಟ ಪ್ರಸಾದದ ಹಾರವನ್ನು ಪಡಸಾಲೆಯಲ್ಲಿರುವ ನಿನ್ನ ಹಳೆಯ ಫೋಟೋಗೆ ಹಾಕಿದೆ. ಬದುಕಿರುವವರ ಫೋಟೋಗೆ ಹಾರ ಹಾಕುತ್ತಾರೇನು ಎಂದು ನಿನ್ನ ಅಪ್ಪ ಬೈದರು. ತೆಗೆಯಲು ನನಗೆ ಕೈ ಬರಲಿಲ್ಲ. ಮರುದಿನವೇ ಸಂಡೂರಿನ ಹೆಣ್ಣಿನ ಕಡೆಯವರು ಮನೆತನ ನೋಡಲು ಬಂದರು. ಹುಡುಗಿಯ ಅಜ್ಜಿ ಗೋಡೆ ನೋಡಿ, “ಎಂಥಾ ಚಂದದ ಹುಡುಗಿ, ಯಾವಾಗ ತೀರ್ಕೊಂಡ್ಳವ್ವಾ?” ಎಂದರು. ನನಗೆ ಅಳು ಬಂದುಬಿಟ್ಟಿತು. ನನ್ನ ಕೈ ಹಿಡಿದುಕೊಂಡು ಅವರೂ ಅತ್ತರು. ಅಷ್ಟು ಅತ್ತ ಮೇಲೆ ಇಲ್ಲ, ಬದುಕಿದ್ದಾಳೆ ಎನ್ನಲು ನಾಲಿಗೆ ಏಳಲಿಲ್ಲ. ಅವರು ಹೋದ ಮೇಲೆ ನಿನ್ನ ಅಪ್ಪ, “ಹಂಗ ಇರ್ಲಿ ಬಿಡು, ಈಗ ತಿದ್ದಾಕ ಹೋದ್ರ ನಾವ ಸುಳ್ಳರಾಗ್ತೀವಿ” ಎಂದರು. ನಮ್ಮ ನೆಂಟರಿಗೆಲ್ಲ ಹೇಳಿಟ್ಟಿದ್ದೇವೆ, ಯಾರೂ ಬಾಯಿ ಬಿಡುವುದಿಲ್ಲ.

ಸತ್ತರೆಂದು ಸುದ್ದಿಯಾದವರಿಗೆ ಆಯಸ್ಸು ಹೆಚ್ಚುತ್ತದೆ ಅಂತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಸೊಸೆ ಬಂದು ಮನೆಗೆ ಒಂದು ಮಗುವಾಗಲಿ, ಆಮೇಲೆ ನೋಡೋಣ. ಕಳಸಕ್ಕೆ ನಿನ್ನ ಚಿಕ್ಕಮ್ಮನ ಮಗಳು ಹೇಮಾಳನ್ನು ಒಪ್ಪಿಸಿದ್ದೇನೆ. ನಿನ್ನ ರೇಷ್ಮೆ ಸೀರೆಯನ್ನು ಅವಳಿಗೆ ಕೊಟ್ಟು ಕಳಿಸು, ಅದರ ಬಣ್ಣ ಅವಳಿಗೆ ಒಪ್ಪುತ್ತದೆ. ಚಿಕ್ಕಮ್ಮನ ಮನೆಯವರೆಲ್ಲ ಮದುವೆಗೆ ಬಂದಾಗ ನೀನಿರುವ ಟಿ.ಬಿ. ಡ್ಯಾಮಿನ ಆ ಮನೆಯನ್ನು ನೀನೇ ಜೋಪಾನವಾಗಿ ನೋಡಿಕೋ. ಕೈಗೆ ಮುಲಾಮು ಹಚ್ಚುವುದನ್ನು ತಪ್ಪಿಸಬೇಡ.

ಸದಾ ನಿನ್ನ ಒಳಿತನ್ನೇ ಬಯಸುವ
ನಿನ್ನ ಅವ್ವ,
ಸಂಗಮ್ಮ

ತಾ.ಕ.: ಆ ಹೂವಿನ ಹಾರ ಬಾಡಿತ್ತು. ಬೀಗರು ಮತ್ತೆ ಬರುತ್ತಾರೆಂದು ರೇವಣ ಮೊನ್ನೆ ಹೊಸಪೇಟೆಗೆ ಹೋಗಿ, ತಾನೇ ಆರಿಸಿ, ಗಂಧದ ಹಾರ ತಂದು ನಿನ್ನ ಫೋಟೋಗೆ ಹಾಕಿದ್ದಾನೆ. ಅಲ್ಲೇ ಹತ್ತಿರದ ಡ್ಯಾಮಿನ ತನಕ ಬಂದು ನಿನ್ನನ್ನು ನೋಡಿ ಹೋಗಲು ಅವನಿಗೆ ಹೊತ್ತು ಸಿಗಲಿಲ್ಲವಂತೆ.